ನಿಮ್ಮ ಬಾಯಲ್ಲೇ ಇರುವ ಪದ್ಯ
(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೋದ ವಾರ ಪದ್ಯದ ಪಾಠ ಬಂತು. ಒಬ್ಬ ಅಜ್ಜಿ ಪುಸ್ತಕ ಮುಚ್ಚಿಟ್ಟರು. "ಪದ್ಯಗಿದ್ಯ ಓದಿದೋರಿಗೆ ಕಣಪ್ಪ, ನಮಗಲ್ಲ" ಅಂದರು. ಅದೇ ಅಜ್ಜಿ ಮನೆಗೆ ಹೋಗುವಾಗ ಮೊಮ್ಮಗನಿಗೆ, "ಕೈ ಕೆಸರಾದರೆ ಬಾಯಿ ಮೊಸರು, ನಡಿಯೋ" ಅಂದರು. ಪದ್ಯದ ಅರ್ಧ ಪಾಠ ಆ ಒಂದು ಗಾದೆಯಲ್ಲೇ ಇದೆ. ಬಿಡಿಸಿ ನೋಡೋಣ.

ಕೆಸರು, ಮೊಸರು. ಎರಡರಲ್ಲೂ ಎರಡನೇ ಅಕ್ಷರ 'ಸ'. ಹೀಗೆ ಒಂದೇ ಅಕ್ಷರ ಮತ್ತೆ ಮತ್ತೆ ಬಂದರೆ ಅದು ಪ್ರಾಸ. ಹಳೆಯ ಕನ್ನಡ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು ಎಂಬ ಕಟ್ಟು ಇತ್ತು. ತಮಿಳಿನಲ್ಲಿ ಇದನ್ನೇ 'ಎದುಗೈ' ಅನ್ನುತ್ತಾರೆ. ತೆಲುಗಿನಲ್ಲೂ ಪ್ರಾಸ ಎಂದೇ ಹೆಸರು. ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಮೂರು ಭಾಷೆಯೂ ಕಿವಿಗೆ ಬೀಳುತ್ತದೆ. ಮೂರೂ ಭಾಷೆ ಒಂದೇ ಗಂಟು ಹಾಕಿವೆ ನೋಡಿ.

ಇನ್ನೊಂದು ಗಾದೆ: "ತಾಯಿಯಂತೆ ಮಗಳು, ನೂಲಿನಂತೆ ಸೀರೆ." ಇಲ್ಲಿ 'ಅಂತೆ' ಎಂದು ಹೋಲಿಸಿದ್ದಾರೆ. ಇದು ಉಪಮೆ. "ನನ್ನ ಮಗಳು ಚಿನ್ನದಂತೆ" ಅಂದರೂ ಉಪಮೆಯೇ. 'ಅಂತೆ' ತೆಗೆದು "ನನ್ನ ಮಗಳೇ ಚಿನ್ನ" ಅಂದರೆ ರೂಪಕ. ದಿನಾ ನೀವು ಆಡುವ ಮಾತೇ ತಾನೆ?

ಈಗ ಪದ್ಯದ ಕಟ್ಟು. ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳಲ್ಲಿ ಬಹಳಷ್ಟು ಮೂರು ಸಾಲಿನವು. ಅದೇ ತ್ರಿಪದಿ. ಹಲಗೆಯ ಮೇಲೆ ನಾನೇ ಒಂದು ಕಟ್ಟಿ ಬರೆದಿದ್ದೇನೆ:

ಹಲಗೆಯ ಹಿಡಿದೀನಿ ಅಕ್ಷರ ತಿದ್ದೀನಿ
ಕಲಿತೀನಿ ನನ್ನ ಹೆಸರನ್ನ – ನನ್ನವ್ವ
ಮಲಗಿದ್ದ ಮಾತು ಎದ್ದೈತೆ

ಹಲಗೆ, ಕಲಿ, ಮಲಗು. ಮೂರು ಸಾಲಿಗೂ ಎರಡನೇ ಅಕ್ಷರ 'ಲ'. ಮೊದಲ ಎರಡು ಸಾಲು ಉದ್ದ, ಕೊನೆಯದು ಗಿಡ್ಡ.

ಈ ತ್ರಿಪದಿ ಇವತ್ತಿನದಲ್ಲ. ಬಾದಾಮಿಯ ಬಂಡೆಯ ಮೇಲೆ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿ ಇದೆ. ಸರ್ವಜ್ಞ ಹೇಳಿದ್ದೂ ತ್ರಿಪದಿಯಲ್ಲೇ. ತಮಿಳಿನ ತಿರುವಳ್ಳುವರ್ ಎರಡೆರಡು ಸಾಲಿನಲ್ಲಿ 1330 ಕುರಳ್ ಬರೆದರು. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ನಿಲ್ಲಿಸಿದರು. ಎರಡು ಸಾಲಿನವರು ಅಲ್ಲಿಗೆ, ಮೂರು ಸಾಲಿನವರು ಇಲ್ಲಿಗೆ. ಆರು ಸಾಲಿನ ಷಟ್ಪದಿಯೂ ಉಂಟು. ಕುಮಾರವ್ಯಾಸನ ಭಾರತ ಭಾಮಿನಿ ಷಟ್ಪದಿಯಲ್ಲಿದೆ. ಅದನ್ನು ಮುಂದೆ ನೋಡೋಣ.

ಪ್ರಾಸ ಯಾಕೆ ಬೇಕು? ಅಂದಕ್ಕೆ ಮಾತ್ರ ಅಲ್ಲ. ನಿನ್ನೆ ಆ ಅಜ್ಜಿಯ ಮನೆಗೆ ಹೋಗಿದ್ದೆ. ಬೀಸೋ ಪದ ಒಂದು ಹೇಳಿ ಅಂದೆ. ಎರಡು ಸಾಲು ಹೇಳಿ ನಿಂತರು. ಮೂರನೆಯದು ಮರೆತಿತ್ತು. "ಎರಡನೇ ಅಕ್ಷರ ಏನು ಬರ್ತದೆ ಅಜ್ಜಿ?" ಅಂದೆ. ಬೆರಳು ಮಡಚಿ ನೋಡಿ "ಳ" ಅಂದರು. ಸ್ವಲ್ಪ ಹೊತ್ತಿಗೆ ಸಾಲು ತಾನೇ ಬಂತು! ಬರೆಯಲು ಬಾರದ ಕಾಲದಲ್ಲಿ ಪ್ರಾಸವೇ ಪುಸ್ತಕ. ಒಂದು ಸಾಲು ಇನ್ನೊಂದನ್ನು ಕೈಹಿಡಿದು ಕರೆತರುತ್ತಿತ್ತು.

ಈಗ ಹಿಟ್ಟಿನ ಮಿಲ್ಲು ಬಂದಿದೆ. ಬೀಸೋ ಕಲ್ಲು ಮೂಲೆ ಸೇರಿದೆ. ರಟ್ಟೆ ನೋವು ತಪ್ಪಿತು, ಒಳ್ಳೆಯದೇ. ಆದರೆ ಹಾಡುವ ಹೊತ್ತೂ ಹೋಯಿತು. 2006ರ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯಲೇಬೇಕು. ಕಲಿಯಲಿ, ಬಾಳಿಗೆ ಬೇಕು. ಆದರೆ ಅಜ್ಜಿಯ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದಿಡುವವರು ಯಾರು? ನೀವೇ. ನೀವು ಕಲಿತ ಅಕ್ಷರ ಬಸ್ಸಿನ ಬೋರ್ಡು ಓದಲು ಬೇಕು, ಈ ಕೆಲಸಕ್ಕೂ ಬೇಕು.

ಮನೆಯಲ್ಲಿ ಮಾಡಿ:
1. ಹಿರಿಯರಿಂದ ಒಂದು ಪದ ಕೇಳಿ, ಅವರು ಹೇಳಿದ ಹಾಗೇ ಬರೆಯಿರಿ. ತಿದ್ದಬೇಡಿ.
2. ಎರಡನೇ ಅಕ್ಷರಕ್ಕೆ ಗೆರೆ ಎಳೆಯಿರಿ.
3. ಹೇಳಿದವರ ಹೆಸರು, ಊರು ಕೆಳಗೆ ಬರೆಯಿರಿ.

ಕಾಗುಣಿತ ತಪ್ಪಾದರೆ ಚಿಂತೆ ಬೇಡ, ಆಮೇಲೆ ಸರಿಮಾಡೋಣ. ಹೇಳುವವರು ಇರುವಾಗಲೇ ಬರೆದುಕೊಳ್ಳಿ.