ಚಿತ್ರದ ಹಿಂದಿನ ಬದುಕು

(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಅಧ್ಯಾಪಕ ವೃಂದದ ಪರವಾಗಿ ಮಾಡಿದ ಭಾಷಣ)



ಲೋಕದ ನಾನಾ ಜನರ ಸಂಸ್ಕೃತಿಯನ್ನು ಮಕ್ಕಳಿಗೆ ಹೇಗೆ ಕಲಿಸುತ್ತೀರಿ ಎಂಬುದನ್ನು ನಾಲ್ಕು ಮಾತುಗಳಲ್ಲಿ ತಿಳಿಸಬೇಕೆಂದು ಸಮಿತಿಯವರು ಕೇಳಿಕೊಂಡಿದ್ದಾರೆ. ಕಲಿಸಿದ್ದಕ್ಕಿಂತ ನಾವು ಕಲಿತದ್ದೇ ಹೆಚ್ಚು. ಅದನ್ನೇ ನಿಮ್ಮ ಮುಂದೆ ನಿವೇದಿಸುತ್ತೇವೆ.

ಪಾಠಪುಸ್ತಕವು ದೇಶಗಳ ರಾಜಧಾನಿ, ಬೆಳೆ, ಉಡುಪುಗಳನ್ನು ತಿಳಿಸುತ್ತದೆ. ಮಕ್ಕಳು ಅವನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಆದುದರಿಂದ ನಾವು ಛಾಯಾಚಿತ್ರಗಳ ನೆರವು ಪಡೆದೆವು. ಅಮೆರಿಕದ ಛಾಯಾಗ್ರಾಹಕ ಪೀಟರ್ ಮೆನ್ಜೆಲ್ ಅವರು ಇತರ ಛಾಯಾಗ್ರಾಹಕರೊಡಗೂಡಿ 1994ರಲ್ಲಿ ಹೊರತಂದ ‘ಮೆಟೀರಿಯಲ್ ವರ್ಲ್ಡ್’ ಎಂಬ ಪುಸ್ತಕ ನಮಗೆ ದಾರಿ ತೋರಿತು. 30 ದೇಶಗಳಲ್ಲಿ ಒಂದೊಂದು ಸಾಮಾನ್ಯ ಕುಟುಂಬವನ್ನು ಆರಿಸಿ, ಮನೆಯ ಸಾಮಾನುಗಳನ್ನು ಹೊರಗೆ ತಂದಿರಿಸಿ, ಅವುಗಳೊಡನೆ ಮನೆಮಂದಿಯ ಚಿತ್ರ ತೆಗೆದ ಪುಸ್ತಕವದು.

ಏಳನೆಯ ತರಗತಿಯಲ್ಲಿ ಮಾಲಿ ದೇಶದ ಕುಟುಂಬದ ಚಿತ್ರವನ್ನು ತೋರಿಸಿದೆವು. ಮಣ್ಣಿನ ಮನೆ, ಅದರ ಮಟ್ಟಸವಾದ ಮಾಡಿನ ಮೇಲೆ ಮನೆಮಂದಿ, ಸುತ್ತ ಮಡಕೆಗಳು. ಬೆಂಚಿನಿಂದ ಬೆಂಚಿಗೆ ಹರಿದ ಮಾತು ಒಂದೇ: “ಪಾಪ!” ಅಂದು ಸೋತವರು ನಾವು. ಬರಿಯ ಚಿತ್ರವು ಮಕ್ಕಳಲ್ಲಿ ಕನಿಕರವನ್ನು ಮೂಡಿಸಿತ್ತು, ತಿಳಿವಳಿಕೆಯನ್ನಲ್ಲ.

ಮರುದಿನ ಅದೇ ಚಿತ್ರವನ್ನಿಟ್ಟು ಬೇರೆ ಪ್ರಶ್ನೆ ಕೇಳಿದೆವು: “ಇದರಲ್ಲಿ ನಿಮಗೆ ಪರಿಚಯದ ವಸ್ತು ಯಾವುದು?” ಹುಡುಗಿಯೊಬ್ಬಳು ಎದ್ದು, “ಒರಳು, ಒನಕೆ. ನಮ್ಮ ಅಜ್ಜಿಮನೆಯ ಅಟ್ಟದಲ್ಲಿಯೂ ಇದೆ” ಎಂದಳು. ಅಲ್ಲಿಂದ ಕಥೆ ಆರಂಭವಾಯಿತು. ಸಜ್ಜೆ ಕುಟ್ಟುವ ಹೆಂಗಸರು, ನೈಜರ್ ನದಿಯ ಮೀನುಗಾರರು, ಬಿಸಿಲ ನಾಡಿನಲ್ಲಿ ಒಳಗನ್ನು ತಂಪಾಗಿಡುವ ಮಣ್ಣಿನ ಗೋಡೆ ಇವುಗಳನ್ನು ಕುರಿತು ಹೇಳಿದೆವು. ಅದೇ ದೇಶದ ಜೆನ್ನೆ ಪಟ್ಟಣದಲ್ಲಿ 1907ರಲ್ಲಿ ಕಟ್ಟಿದ ಮಣ್ಣಿನ ಮಹಾ ಮಸೀದಿಯಿದೆ. ವರ್ಷಕ್ಕೊಮ್ಮೆ ಊರಿಗೆ ಊರೇ ಕೂಡಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತದೆ. ಹೆಂಗಸರು ನೀರು ಹೊತ್ತು ತಂದರೆ ಗಂಡಸರು ಗೋಡೆಯೇರುತ್ತಾರೆ. ಇದನ್ನು ಮನೆಯಲ್ಲಿ ಹೇಳಿದ ಬಾಲಕನಿಗೆ ಅವನ ಅಜ್ಜ, “ಮಳೆಗಾಲಕ್ಕೆ ಮೊದಲು ನಮ್ಮಲ್ಲಿಯೂ ನೆರೆಕರೆಯವರು ಕೂಡಿಯೇ ಮುಳಿಹುಲ್ಲು ಹೊದಿಸುತ್ತಿದ್ದರು, ಮಗಾ” ಎಂದರಂತೆ.

ಶತಮಾನೋತ್ಸವದ ಪ್ರದರ್ಶನಕ್ಕೆ ನಮ್ಮ ಶಾಲೆಯದೇ ಹಳೆಯ ಚಿತ್ರವೊಂದು ದೊರೆತಾಗ ಈ ಪಾಠ ಇನ್ನೂ ಹತ್ತಿರವಾಯಿತು. ಮುಳಿಹುಲ್ಲಿನ ಮಾಡು, ಬರಿಗಾಲಿನ ಮಕ್ಕಳು. ಇಂದಿನ ಮಕ್ಕಳು ಮತ್ತೆ “ಪಾಪ” ಎಂದರು! ಚಿತ್ರದ ಮುಂದಿನ ಸಾಲಿನಲ್ಲಿದ್ದ ಹುಡುಗ ಈಗ ಎಂಬತ್ತು ದಾಟಿದ ಹಿರಿಯರು. ಅವರನ್ನು ತರಗತಿಗೆ ಕರೆತಂದೆವು. “ಆ ಅಂಗಿ ನನ್ನದಲ್ಲ, ಅಣ್ಣನದು; ಚಿತ್ರಕ್ಕೆಂದೇ ಹಾಕಿಕೊಂಡದ್ದು” ಎಂದು ಅವರು ನಕ್ಕರು. ಹಸಿವನ್ನು ಅವರು ಮುಚ್ಚಿಡಲಿಲ್ಲ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡವೆಂದು ಬೆಳೆದುದನ್ನೂ, 1956ರ ನವೆಂಬರ್ 1ರಂದು ಮನೆ ಇದ್ದಲ್ಲೇ ಇದ್ದು ರಾಜ್ಯ ಬದಲಾದುದನ್ನೂ ಹೇಳಿದರು. ಗಂಟೆ ಬಾರಿಸಿದರೂ ಮಕ್ಕಳು ಏಳಲಿಲ್ಲ.

ಅಂದಿನಿಂದ ಕೆಲವು ನಿಯಮಗಳನ್ನು ಪಾಲಿಸುತ್ತಿದ್ದೇವೆ. ಊರು, ವರ್ಷ ತಿಳಿಯದ ಚಿತ್ರವನ್ನು ಪಾಠಕ್ಕೆ ಬಳಸುವುದಿಲ್ಲ. ಮಾಲಿಯ ಆ ಚಿತ್ರ ಮೂವತ್ತು ವರ್ಷಗಳಷ್ಟು ಹಳೆಯದು, ಅದು ಒಂದು ಮನೆಯದು, ಇಡೀ ದೇಶದ್ದಲ್ಲ ಎಂದು ಮೊದಲೇ ಹೇಳುತ್ತೇವೆ. ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ತರುವುದಿಲ್ಲ.

ಗಡಿನಾಡಿನವರಾದ ನಮಗೆ ಇದು ಬರಿಯ ಬೋಧನಾಕ್ರಮವಲ್ಲ. ಒಂದೇ ನೋಟದಿಂದ ನಮ್ಮನ್ನು ಅಳೆದವರು ಎರಡೂ ಕಡೆಗಳಲ್ಲಿದ್ದಾರೆ. ಆ ನೋವನ್ನು ನಾವು ಬಲ್ಲೆವು. ನಮ್ಮ ಮಕ್ಕಳು ಪರರನ್ನು ಹಾಗೆ ಅಳೆಯಬಾರದು.

ಕೊನೆಯದಾಗಿ ಒಂದು ಬಿನ್ನಹ. ಗಲ್ಫ್ ನಾಡುಗಳಲ್ಲಿ, ದೂರದ ನಗರಗಳಲ್ಲಿ ದುಡಿಯುತ್ತಿರುವ ಹಳೆ ವಿದ್ಯಾರ್ಥಿಗಳು ಎತ್ತರದ ಕಟ್ಟಡಗಳ ಚಿತ್ರಗಳನ್ನು ಕಳುಹಿಸುವುದು ಬೇಡ. ನಿಮ್ಮ ಕೋಣೆಯ ಜೊತೆಗಾರ, ನೆರೆಮನೆಯವರು ಒಪ್ಪಿದರೆ ಅವರ ಒಂದು ಚಿತ್ರವನ್ನೂ ಅವರು ಹೇಳಿದ ಒಂದು ಸಂಗತಿಯನ್ನೂ ಕನ್ನಡದಲ್ಲಿ ಬರೆದು ಕಳುಹಿಸಿರಿ. ಉತ್ತರವಾಗಿ ನಮ್ಮ ಮಕ್ಕಳು ತಮ್ಮ ಮನೆಯಂಗಳದ ಕಥೆಯನ್ನು ಬರೆಯುವರು.