ನಾಯಿಯ ಅನ್ನವೂ ಅದರ ಮೈಕಾಂತಿಯೂ



ಕೂದಲು ಕಳೆಗೆಟ್ಟು, ಮೈಯಿಂದ ಹೊಟ್ಟುದುರುವ ನಾಯಿಯನ್ನು ಕಂಡರೆ ನಾವು ಕಜ್ಜಿನಾಯಿಯೆಂದು ಹೆಸರಿಟ್ಟು ಬಾಗಿಲಿನಿಂದ ಅಟ್ಟುವುದುಂಟು. ಕಣ್ಣಿಗೆ ಕಾಣದ ಹುಳುಗಳಿಂದ ಕಜ್ಜಿ ಬರುವುದು ದಿಟ. ಆದರೆ ಕೆಲವು ವೇಳೆ ದೋಷವಿರುವುದು ನಾವಿಡುವ ಅನ್ನದಲ್ಲಿ.

ನಾಯಿಯ ಕೂದಲು ಬಹುಪಾಲು ಸಸಾರಜನಕದಿಂದಾದುದು. ನಿತ್ಯವೂ ಅದಕ್ಕೆ ಬೇಕಾದ ಸಸಾರಜನಕದಲ್ಲಿ ನೂರಕ್ಕೆ ಸುಮಾರು 25ರಿಂದ 30 ಪಾಲು ಚರ್ಮಕ್ಕೂ ಕೂದಲಿಗೂ ವೆಚ್ಚವಾಗುತ್ತದೆ. ಕೊಬ್ಬಿನ ಅಗತ್ಯವೂ ಕಡಮೆಯದಲ್ಲ. 1929ರಲ್ಲಿ ಅಮೆರಿಕದ ಬರ್ ದಂಪತಿಗಳು, ಕೊಬ್ಬಿಲ್ಲದ ಆಹಾರ ತಿಂದ ಇಲಿಗಳ ಚರ್ಮ ಪೊರೆಯೇಳುವುದನ್ನು ತೋರಿಸಿದರು. ಅದನ್ನು ತಡೆಯುವ ಲಿನೋಲೆಯಿಕ್ ಆಮ್ಲ ನಾಯಿಗೂ ಅನಿವಾರ್ಯ. ಸೂರ್ಯಕಾಂತಿ ಎಣ್ಣೆಯಲ್ಲಿಯೂ ಕೋಳಿಯ ಕೊಬ್ಬಿನಲ್ಲಿಯೂ ಅದು ದೊರೆಯುತ್ತದೆ.

ನಮ್ಮ ಸೀಮೆಯಲ್ಲಿ ರಾಗಿಮುದ್ದೆಯನ್ನೋ ಹಾಲನ್ನವನ್ನೋ ಮಾತ್ರ ಹಾಕಿ ನಾಯಿಯನ್ನು ಸಾಕುವವರುಂಟು. ಧಾನ್ಯದಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದಿಟ್ಟು, ಕರುಳು ಅದನ್ನು ಹೀರದಂತೆ ಮಾಡುತ್ತದೆ. ಸತು ಸಾಲದಾದರೆ ಕಣ್ಣು ಬಾಯಿಗಳ ಸುತ್ತ ಹಕ್ಕಳೆ ಕಟ್ಟುತ್ತದೆ. ಮರಿಗೆ ಬಲ ಬರಲೆಂದು ಅಳತೆಯಿಲ್ಲದೆ ಕ್ಯಾಲ್ಸಿಯಂ ಪುಡಿ ಬೆರೆಸಿದರೆ ಕೊರತೆ ಇನ್ನೂ ಹೆಚ್ಚುವುದು.

ಆದುದರಿಂದ ಮೊದಲು ಪಶುವೈದ್ಯರಿಂದ ಚರ್ಮವನ್ನು ಕೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸೋಣ. ಹುಳುವಿಲ್ಲ, ಕೊರತೆ ಅನ್ನದ್ದೇ ಎಂದು ಅವರು ಹೇಳಿದರೆ, ಅವರು ತಿಳಿಸಿದ ಅಳತೆಯಲ್ಲಿ ಬೇಯಿಸಿದ ಮೊಟ್ಟೆ, ಮಾಂಸ, ತುಸು ಎಣ್ಣೆ ಸೇರಲಿ. ಈರುಳ್ಳಿ ಮಾತ್ರ ಬೇಡ. ಅದು ನಾಯಿಯ ರಕ್ತವನ್ನು ಕೆಡಿಸುತ್ತದೆ. ಗುಣ ಕಾಣಲು ಕೆಲವು ವಾರಗಳೇ ಬೇಕು. ಅಷ್ಟು ದಿನ ತಾಳಿ ನೋಡದೆ, ಬಾಯಿಲ್ಲದ ಪ್ರಾಣಿಯನ್ನು ಬೀದಿಗೆ ನೂಕುವುದು ನ್ಯಾಯವಲ್ಲ.