ಮಗುವಿನ ನೋವಿಗೂ ಒಂದು ಮಾತು ಬೇಕು
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಬೋರ್ಡುಗಳ ಬಗ್ಗೆ, ಬ್ಯಾಂಕಿನ ಚಲನ್‌ಗಳ ಬಗ್ಗೆ ನಾವು ಬೇಕಾದಷ್ಟು ಕೂಗಿದ್ದೇವೆ. ಇವತ್ತು ನಿಮ್ಮ ಮನೆಯ ಮಗುವಿನ ಮನಸ್ಸಿನ ಬಗ್ಗೆ ಮಾತಾಡೋಣ.

ಬೆಳಗಾದರೆ ಹೊಟ್ಟೆನೋವು ಎನ್ನುತ್ತದೆ. ಡಬ್ಬಿಯ ಊಟ ಹಾಗೇ ವಾಪಸು ಬರುತ್ತದೆ. ರಾತ್ರಿ ಬೆಚ್ಚಿ ಏಳುತ್ತದೆ. ನೀವು 'ನಾಟಕ' ಎಂದು ಗದರಿಸುತ್ತೀರಿ. ಎಲ್ಲವೂ ನಾಟಕವಲ್ಲ ಸ್ವಾಮಿ! ಬಾಯಿ ಹೇಳಲಾರದ್ದನ್ನು ಎಷ್ಟೋ ಸಲ ಮೈ ಹೇಳುತ್ತದೆ. ವೈದ್ಯರಿಗೂ ತೋರಿಸಿ, ಶಾಲೆಯಲ್ಲಿ ಏನಾಯಿತೆಂದೂ ಕೇಳಿ.

ಬಾಯಿ ಏಕೆ ಹೇಳಲಾರದು? ಅಂಜಿಕೆ, ಅವಮಾನ, ಸಂಕಟ, ತಳಮಳ, ಮುನಿಸು, ಹೊಟ್ಟೆಕಿಚ್ಚು! ಅಜ್ಜಿಯ ಬಾಯಲ್ಲಿ ಒಂದೊಂದು ನೋವಿಗೂ ಒಂದೊಂದು ಹೆಸರಿತ್ತು. ನಮ್ಮ ಮಕ್ಕಳಿಗೆ ಉಳಿದಿರುವುದು ಎರಡೇ: 'ಬೋರು', 'ಟೆನ್ಷನ್ನು'. ಹೆಸರೇ ಗೊತ್ತಿಲ್ಲದ ನೋವನ್ನು ಮಗು ಯಾರಿಗೆ ಹೇಗೆ ಹೇಳೀತು? ಅದರ ಮೇಲೆ, ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆ! ಅಳುವುದನ್ನೂ ಇಂಗ್ಲಿಷಿನಲ್ಲಿ ಅಳಬೇಕೇ?

ಕಾನೂನು ಏನು ಹೇಳುತ್ತದೆ, ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 29ನೇ ಕಲಮಿನಲ್ಲಿ ಎರಡು ಮಾತು ಅಕ್ಕಪಕ್ಕದಲ್ಲೇ ಇವೆ: ಸಾಧ್ಯವಾದಷ್ಟೂ ಮಗುವಿನ ತಾಯ್ನುಡಿಯಲ್ಲಿ ಕಲಿಕೆ, ಭಯ, ಆತಂಕಗಳಿಂದ ಮಗುವಿಗೆ ಬಿಡುಗಡೆ. ಒಂದರ ಪಕ್ಕ ಇನ್ನೊಂದು ಇರುವುದು ಸರಿಯಾಗಿಯೇ ಇದೆ. ಮಗುವನ್ನು ಹೀಯಾಳಿಸಿದರೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಜಗ್ಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ.

ಇನ್ನು ಮೊಬೈಲು. ಹಿಂದೆ ಶಾಲೆಯ ಗೇಲಿ ಸಂಜೆಯ ಗಂಟೆಗೆ ಮುಗಿಯುತ್ತಿತ್ತು. ಈಗ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಹಿಂದೆಯೇ ಹಾಸಿಗೆಗೂ ಬರುತ್ತದೆ. ಮಗು ನಿಮಗೇಕೆ ಹೇಳುವುದಿಲ್ಲ ಗೊತ್ತೇ? ಹೇಳಿದರೆ ನೀವು ಫೋನು ಕಿತ್ತುಕೊಳ್ಳುತ್ತೀರಿ! 'ನೀನು ಹೇಳಿದ್ದು ಒಳ್ಳೆಯದಾಯಿತು' ಎಂಬುದು ನಿಮ್ಮ ಮೊದಲ ಮಾತಾಗಲಿ. ಬೈಗುಳಕ್ಕೆ ಬೈಗುಳ ಬೇಡ. ಬಂದದ್ದನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ, ಕಳಿಸಿದವರನ್ನು ಬ್ಲಾಕ್ ಮಾಡಿ. ಯಾರಾದರೂ ಚಿತ್ರ ತೋರಿಸಿ ಬೆದರಿಸಿದರೆ ಮಾನಕ್ಕೆ ಅಂಜಿ ಮುಚ್ಚಿಡಬೇಡಿ, ಪೊಲೀಸರ ಬಳಿ ಹೋಗಿ. ಮಕ್ಕಳ ಸಹಾಯವಾಣಿ 1098. ಮನಸ್ಸು ಕುಗ್ಗಿದರೆ ಟೆಲಿ ಮನಸ್ 14416. ಕರೆಗೆ ಕಾಸಿಲ್ಲ, ಕನ್ನಡದಲ್ಲೇ ಮಾತಾಡಿ. 'ಬದುಕೇ ಬೇಡ' ಎಂದು ಮಗು ಅಂದರೆ ತಮಾಷೆ ಎಂದು ತಳ್ಳಿಹಾಕಬೇಡಿ. ಒಂಟಿಯಾಗಿ ಬಿಡಬೇಡಿ, ಅಂದೇ ಸಹಾಯ ಕೇಳಿ.

ಕೊನೆಗೆ ನಮಗೇ ಒಂದು ಮಾತು. ಧಾರವಾಡದ ಕಡೆಯ ಹುಡುಗನ ಮಾತಿಗೆ ಬೆಂಗಳೂರಿನ ತರಗತಿ ನಕ್ಕರೆ ಅದೂ ಕಿರುಕುಳವೇ. ಕನ್ನಡ ಶಾಲೆಗೆ ಬಂದ ತಮಿಳು, ತೆಲುಗು, ಲಂಬಾಣಿ ಮನೆಯ ಕೂಸನ್ನು ನಮ್ಮ ಮಕ್ಕಳು ಅಣಕಿಸಿದರೆ ಅದು ಕನ್ನಡಾಭಿಮಾನವಲ್ಲ! ನಮ್ಮ ಮಗುವಿಗೆ ಕೇಳುವ ನ್ಯಾಯವನ್ನು ಆ ಮಗುವಿಗೂ ಕೊಡಬೇಕು.

ಇವತ್ತು ರಾತ್ರಿ ಟಿವಿ ಆರಿಸಿ, ನಿಮ್ಮ ಫೋನನ್ನೂ ಕೆಳಗಿಡಿ. ಮಾರ್ಕ್ಸು ಎಷ್ಟು ಬಂತೆಂದು ಕೇಳಬೇಡಿ. ಇವತ್ತು ಯಾವುದು ಖುಷಿ ಕೊಟ್ಟಿತು, ಯಾವುದು ನೋಯಿಸಿತು ಎಂದು ಮನೆಯ ಮಾತಿನಲ್ಲಿ ಕೇಳಿ. ಉತ್ತರ ಬರುವವರೆಗೂ ಕಾಯಿರಿ.